ಊರಿನ ದುಡ್ಡು ಊರಿಗೆ

ಅಡಿಕೆ ಸುಲಿಯುವ ಡಬ್ಬದಿಂದ ಹಿಡಿದು ಸಹಕಾರ ಸಂಘದ ಲಾಭದ ಲೆಕ್ಕದವರೆಗೆ ಮಲೆನಾಡಿನ ವ್ಯಾಪಾರಕ್ಕೆ ಇರುವುದು ಒಂದೇ ಪರೀಕ್ಷೆ: ಅಳತೆ ಸರಿ ಇದೆಯೇ? ದೇಣಿಗೆ ಫಲಕದ ಮಾತು ಆಮೇಲೆ. ಸಹಕಾರ ಸಪ್ತಾಹದ ಹೊತ್ತಿನಲ್ಲಿ ಮಂಡಗದ್ದೆ ಸೀಮೆಯಿಂದ ಹೆಗ್ಗೋಡಿನವರೆಗೆ ಒಂದು ಸುತ್ತು.

ಕತ್ತಲೆ ಇಳಿಯುತ್ತಿದ್ದಂತೆ ಚಪ್ಪರದಡಿ ಬಲ್ಬು ಹೊತ್ತುತ್ತದೆ. ಮೆಟ್ಟುಗತ್ತಿಗಳು ಸಾಲಾಗಿ ಬಂದು ಕೂರುತ್ತವೆ. ಹೆಂಗಸರು ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೆಲಸ ಶುರು ಮಾಡಿದರೆಂದರೆ ಹಸಿ ಸಿಪ್ಪೆ ಸೀಳುವ ಸದ್ದಿನ ಜೊತೆಗೆ ಕೇಳುವುದು ಮಾತು ಮಾತ್ರ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಮೇಳದ ಆಟ ಎಲ್ಲಿದೆ, ಯಾರ ತೋಟದ ಕೊನೆ ನಾಳೆ ಇಳಿಯುತ್ತದೆ.

ಅತ್ತ ಒಲೆಯ ಮೇಲೆ ತಾಮ್ರದ ಹಂಡೆ. ಚೊಗರಿನಲ್ಲಿ ಅಡಿಕೆ ಬೇಯುವ ಒಗರು ವಾಸನೆ ಬೇಲಿ ದಾಟಿ ರಸ್ತೆಯವರೆಗೆ ಬರುತ್ತದೆ.

ಸುಲಿದದ್ದು ಡಬ್ಬಕ್ಕೆ ಬೀಳುತ್ತದೆ. ಡಬ್ಬಕ್ಕೆ ಇಷ್ಟು ಎಂದು ಕೂಲಿ. ಕೆಲವು ಮನೆಗಳಿಗೆ ಈಗ ತಕ್ಕಡಿ ಬಂದಿದೆ, ಕಿಲೋ ಲೆಕ್ಕ. ಕೆಲವರು ಯಂತ್ರಕ್ಕೇ ಹೋಗಿದ್ದಾರೆ. ಕೈಸುಲಿತ ಉಳಿದಿರುವ ಅಂಗಳದಲ್ಲಿ ಮಾತ್ರ ರಾತ್ರಿ ಅಳೆಯುವ ಹೊತ್ತಿಗೆ ಮಾತು ನಿಲ್ಲುತ್ತದೆ. ಡಬ್ಬದ ತಲೆ ಸವರುವ ಕೈ ಅಡಿಕೆಯನ್ನು ಗೋಪುರವಾಗಿ ಬಿಡುತ್ತದೋ, ಅಂಚಿನ ಮಟ್ಟಕ್ಕೆ ಸಮ ಮಾಡುತ್ತದೋ ಎಂದು ಎಲ್ಲರೂ ನೋಡುತ್ತಾರೆ. ವ್ಯತ್ಯಾಸ ಒಂದು ಹಿಡಿ. ಆ ಒಂದು ಹಿಡಿ ಇಡೀ ಸುಗ್ಗಿಗೆ ಎಷ್ಟು ದಿನದ ಅಕ್ಕಿಯಾಗುತ್ತದೆ ಎನ್ನುವುದು ಸುಲಿಯುವವಳಿಗೆ ಬಾಯಿಲೆಕ್ಕದಲ್ಲಿ ಗೊತ್ತು.

ಮಂಡಗದ್ದೆ ತೀರ್ಥಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯ ಮಧ್ಯದಲ್ಲಿ, ತುಂಗೆಯ ದಂಡೆಗೆ ಅಂಟಿಕೊಂಡ ಊರು. ಹೊರಗಿನವರಿಗೆ ಇದು ಪಕ್ಷಿಧಾಮ. ನದಿಯ ನಡುವಿನ ಒಂದು ಎಕರೆ ಚಿಲ್ಲರೆಯ ಕುರುವದಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಅವು ಮರಿಗಳೊಂದಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಅಡಿಕೆ ಸುಗ್ಗಿ ಶುರುವಾಗುತ್ತದೆ. ಒಳಗಿನವರಿಗೆ ಊರೆಂದರೆ ಆ ಸುಗ್ಗಿಯೇ. ಇಲ್ಲಿಯ ಅಂಗಡಿ, ಹೋಟೆಲು, ಆಟೋ, ಗ್ಯಾರೇಜು, ಟೈಲರು ಎಲ್ಲರೂ ಉಸಿರಾಡುವುದು ಅಡಿಕೆಯ ದುಡ್ಡಿನಿಂದ.

ನವೆಂಬರ್ 14ರಿಂದ 20 ದೇಶದಾದ್ಯಂತ ಸಹಕಾರ ಸಪ್ತಾಹ. ಸಂಘಗಳ ಮುಂದೆ ಏಳು ಬಣ್ಣದ ಬಾವುಟ ಏರುತ್ತದೆ, ಭಾಷಣ ಆಗುತ್ತದೆ, ಹಾರ ಬೀಳುತ್ತದೆ. 2025ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಹಕಾರ ವರ್ಷ ಎಂದು ಸಾರಿತು. 2012ರ ನಂತರ ಇದು ಎರಡನೆಯ ಬಾರಿ. ಹಾಗಾಗಿ ಒಂದು ಪ್ರಶ್ನೆಯನ್ನು ಎತ್ತಲು ಇದು ಒಳ್ಳೆಯ ಹೊತ್ತು: ಹಳ್ಳಿಯಲ್ಲಿ ನಡೆಯುವ ವ್ಯಾಪಾರ ಆ ಹಳ್ಳಿಗೆ ತಿರುಗಿ ಏನು ಕೊಡುತ್ತದೆ?

ಕೇಳಿದ ತಕ್ಷಣ ನೆನಪಾಗುವುದು ಫಲಕಗಳು. ಶಾಲೆಯ ಗೋಡೆಯ ಮೇಲೆ, ಬಸ್ ತಂಗುದಾಣದ ನೆತ್ತಿಯಲ್ಲಿ, ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೆ ಬರೆದಿರುವ ದಾನಿಗಳ ಹೆಸರು. ಅವು ಸುಳ್ಳಲ್ಲ. ಮಲೆನಾಡಿನ ಎಷ್ಟೋ ಸರ್ಕಾರಿ ಶಾಲೆಗಳು ನಿಂತಿರುವುದು ಊರಿನ ಕೃಷಿಕರು ಬಿಟ್ಟುಕೊಟ್ಟ ಜಾಗದಲ್ಲಿ. ಆದರೆ ಫಲಕದಿಂದ ಲೆಕ್ಕ ಶುರು ಮಾಡಿದರೆ ದಾರಿ ತಪ್ಪುತ್ತದೆ. ಡಬ್ಬದಲ್ಲಿ ಹಿಡಿ ಹಿಡಿಯಾಗಿ ಕಳೆದದ್ದನ್ನು ಜಾತ್ರೆಯಲ್ಲಿ ಅನ್ನದಾನವಾಗಿ ಹಿಂತಿರುಗಿಸಿದರೆ ಅದು ಕೊಡುಗೆಯಲ್ಲ. ಈ ಸೀಮೆಯ ಚರಿತ್ರೆಯೇ ಅದನ್ನು ಹೇಳುತ್ತದೆ.

ಕೊಳಗಕ್ಕಾಗಿ ಜೈಲು

ಸಾಗರ ತಾಲ್ಲೂಕಿನ ಕಾಗೋಡು. 1951ರ ಏಪ್ರಿಲ್. ಗೇಣಿದಾರರು ಗದ್ದೆಗೆ ಇಳಿದು ಉಳುಮೆ ಮಾಡಿ ಬಂಧನಕ್ಕೆ ಒಳಗಾಗತೊಡಗಿದರು. ಭೂಮಿಯಿಂದ ಒಕ್ಕಲೆಬ್ಬಿಸಿದ್ದು ತಕ್ಷಣದ ಕಾರಣ. ಅದರ ಹಿಂದೆ ವರ್ಷಗಳಿಂದ ಕುದಿಯುತ್ತಿದ್ದುದು ಕೊಳಗದ ಜಗಳ. ಗೇಣಿ ಭತ್ತ ಅಳೆದುಕೊಳ್ಳಲು ಭೂಮಾಲೀಕರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಎಣಿಕೆ ಅಷ್ಟೇ, ಹೋಗುವ ಭತ್ತ ಹೆಚ್ಚು.

ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘ ಈ ಹೋರಾಟದ ಬೆನ್ನೆಲುಬು. ಸಮಾಜವಾದಿ ಪಕ್ಷ ಕೈಜೋಡಿಸಿತು. ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಸತ್ಯಾಗ್ರಹ ಮಾಡಿ ಬಂಧಿತರಾದಾಗ ಮಲೆನಾಡಿನ ಒಂದು ಮೂಲೆಯ ಕೊಳಗದ ಜಗಳ ದೇಶದ ಸುದ್ದಿಯಾಯಿತು. ಮುಂದಾಳುಗಳಲ್ಲಿ ಒಬ್ಬರಾಗಿದ್ದ ಶಾಂತವೇರಿ ಗೋಪಾಲಗೌಡರು ಇದೇ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದವರು. 1952ರ ಚುನಾವಣೆಯಲ್ಲಿ ಅವರು ವಿಧಾನಸಭೆಗೆ ಹೋದರು. ಉಳುವವನಿಗೆ ಭೂಮಿ ಎಂಬ ಮಾತು ಕಾನೂನಿನ ಬಲ ಪಡೆಯಲು 1974ರವರೆಗೆ, ದೇವರಾಜ ಅರಸರ ಕಾಲದವರೆಗೆ ಕಾಯಬೇಕಾಯಿತು.

ಆ ಕಾಲದ ಭೂಮಾಲೀಕರಲ್ಲಿ ದಾನಿಗಳು ಇರಲಿಲ್ಲವೇ? ಇದ್ದರು. ದೇವಸ್ಥಾನಕ್ಕೆ ಕೊಟ್ಟರು, ಮದುವೆಗೆ ಸಹಾಯ ಮಾಡಿದರು, ಬರಗಾಲದಲ್ಲಿ ಗಂಜಿ ಹಾಕಿದರು. ಒಕ್ಕಲುಗಳು ಕೇಳಿದ್ದು ಗಂಜಿಯನ್ನಲ್ಲ, ಸರಿಯಾದ ಕೊಳಗವನ್ನು. ಗ್ರಾಮೀಣ ಉದ್ಯಮದ ಸಮಾಜಸೇವೆಯ ಬಗ್ಗೆ ಮಾತಾಡುವ ಯಾವ ವೇದಿಕೆಯಲ್ಲೂ ಕಾಗೋಡಿನ ಹೆಸರು ಮೊದಲು ಬರಬೇಕು ಎಂದು ನನಗೆ ಅನಿಸುವುದು ಇದಕ್ಕೇ.

ಸ್ವಂತ ಮಂಡಿ

ಒಕ್ಕಲುಗಳಿಗೆ ಕೊಳಗದ ಸಂಕಟವಾದರೆ, ಅಡಿಕೆ ಬೆಳೆಯುವವನಿಗೆ ಮಂಡಿಯ ಸಂಕಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ದುಡ್ಡು ಬೇಕು, ಮನೆಖರ್ಚಿಗೆ ಬೇಕು. ಪೇಟೆಯ ಸಾಹುಕಾರ ಮುಂಗಡ ಕೊಡುತ್ತಿದ್ದ. ಸುಗ್ಗಿಯಲ್ಲಿ ಅಡಿಕೆ ಅವನ ಮಂಡಿಗೇ ಹೋಗಬೇಕು. ದರ ಅವನದ್ದು, ತೂಕ ಅವನದ್ದು, ಬಡ್ಡಿ ಅವನದ್ದು, ದಲಾಲಿಯೂ ಅವನದ್ದೇ. ಚೀಲ ಇಳಿಸಿ ಮನೆಗೆ ಮರಳಿದವನಿಗೆ ತನ್ನ ಅಡಿಕೆ ಯಾರಿಗೆ, ಎಷ್ಟಕ್ಕೆ ಹೋಯಿತು ಎನ್ನುವುದೇ ತಿಳಿಯುತ್ತಿರಲಿಲ್ಲ.

1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ ಹುಟ್ಟಿದ್ದು ಈ ಕಟ್ಟು ಬಿಡಿಸಲು. ಊರವರ ಬಾಯಲ್ಲಿ ಅದು ಮಾಮ್‌ಕೋಸ್. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಎಂದು ಅದರ ಶಾಖೆಗಳು ಹಬ್ಬಿದವು. ಸಾಗರದಲ್ಲಿ ಅಡಿಕೆ ಪರಿಷ್ಕರಣ ಮತ್ತು ಮಾರಾಟಕ್ಕೆಂದೇ ಆಪ್ಸ್‌ಕೋಸ್ ಬೆಳೆಯಿತು. ಉತ್ತರ ಕನ್ನಡದ ಶಿರಸಿಯಲ್ಲಿ ಇನ್ನೂ ಮುಂಚೆ, 1923ರಲ್ಲೇ, ತೋಟಗಾರರು ತಮ್ಮ ಮಾರಾಟ ಸಂಘ ಕಟ್ಟಿಕೊಂಡಿದ್ದರು.

ಸಂಘದಲ್ಲಿ ಕೆಲಸ ನಡೆಯುವ ರೀತಿ ಸರಳ. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಎಂದು ಬೆಳೆಗಾರನ ಅಡಿಕೆ ತರಗತಿವಾರು ಅಂಗಳದಲ್ಲಿ ಬೀಳುತ್ತದೆ. ಪ್ರತಿ ರಾಶಿಗೂ ಸಂಖ್ಯೆ. ವರ್ತಕರು ನೋಡಿ, ಮುಟ್ಟಿ, ಕಚ್ಚಿ ಪರೀಕ್ಷಿಸಿ ಟೆಂಡರ್ ಬರೆಯುತ್ತಾರೆ. ಹೆಚ್ಚು ಬರೆದವನಿಗೆ ಮಾಲು. ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಮಾರದೆ ಇಟ್ಟುಕೊಳ್ಳಬಹುದು, ಇಟ್ಟ ಮಾಲಿನ ಮೇಲೆ ಸಂಘದಿಂದಲೇ ಮುಂಗಡ ಪಡೆಯಬಹುದು. ಮಾರುವವನಿಗೆ ಕಾಯುವ ಶಕ್ತಿ ಬಂದದ್ದೇ ದೊಡ್ಡ ಬದಲಾವಣೆ. ಆ ಶಕ್ತಿಗೆ ಯಾವ ಫಲಕವೂ ಇಲ್ಲ.

ಸಂಘದ ಅಂಗಡಿಯಿಂದ ಪೇಟೆಯ ಉಳಿದ ಮಂಡಿಗಳೂ ಬದಲಾದವು. ಪಕ್ಕದಲ್ಲಿ ಸರಿಯಾದ ತಕ್ಕಡಿ ಇದ್ದರೆ ತಪ್ಪು ತಕ್ಕಡಿ ಬಹಳ ದಿನ ಬಾಳುವುದಿಲ್ಲ. ಸಂಘಕ್ಕೆ ಒಂದು ಕಾಳು ಅಡಿಕೆ ಹಾಕದವನಿಗೂ ಆ ಲಾಭ ಸಿಕ್ಕಿತು.

1970ರ ದಶಕದ ಆರಂಭದಲ್ಲಿ ಅಡಿಕೆಯ ದರ ಕುಸಿದಾಗ ಕರಾವಳಿಯಲ್ಲಿ ಕೊಳ್ಳುವವರೇ ಇಲ್ಲದ ಸ್ಥಿತಿ ಬಂತು. ವಾರಣಾಸಿ ಸುಬ್ರಾಯ ಭಟ್ಟರು ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಒಟ್ಟು ಸೇರಿಸಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಕಟ್ಟಿದರು. ಕಾಸರಗೋಡಿನ ಕನ್ನಡ ಬೆಳೆಗಾರರೂ ಅದರ ಆಧಾರ. ಮುಂದೆ ಕೊಕ್ಕೋಗೆ ಅದೇ ಗತಿ ಬಂದಾಗ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿತು. 1986ರಲ್ಲಿ ಅದನ್ನು ಉದ್ಘಾಟಿಸಿದವರು ರಾಷ್ಟ್ರಪತಿ ಜೈಲ್ ಸಿಂಗ್. ಕೈಬಿಟ್ಟುಹೋಗಲಿದ್ದ ಬೆಳೆಯೊಂದಕ್ಕೆ ಬೆಳೆಗಾರರದೇ ಕಾರ್ಖಾನೆ. ಇವತ್ತು ಕ್ಯಾಂಪ್ಕೊ ಮಲೆನಾಡಿನ ಪೇಟೆಗಳಲ್ಲೂ ಖರೀದಿಗೆ ಕೂರುತ್ತದೆ.

> ಹಿಟ್ಟಿನ ತೂಕ, ನೇಕಾರರ ಅಂಗಡಿ
> 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಪೇಟೆಯಲ್ಲಿ 28 ಮಂದಿ ಸೇರಿ ಒಂದು ಚಿಕ್ಕ ಅಂಗಡಿ ತೆರೆದರು. ಅವರಲ್ಲಿ ನೇಕಾರರಿದ್ದರು, ಕುಶಲಕರ್ಮಿಗಳಿದ್ದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದಬತ್ತಿ ಇಷ್ಟೇ ಸರಕು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ ಎಂಬುದೇ ಅವರ ಬಂಡವಾಳ. ಮುಂದೆ ಉಳಿತಾಯದಲ್ಲಿ ಶೇ 2.5ನ್ನು ಸದಸ್ಯರ ಓದಿಗೆ, ಗ್ರಂಥಾಲಯಕ್ಕೆ ತೆಗೆದಿಟ್ಟರು. ಇಂದಿನ ಸಹಕಾರ ತತ್ವಗಳ ಬೇರು ಅಲ್ಲಿದೆ. 1995ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಈ ಪಟ್ಟಿಗೆ ಏಳನೆಯದಾಗಿ ‘ಸಮುದಾಯದ ಕಾಳಜಿ’ಯನ್ನು ಸೇರಿಸಿತು.

ಮಳೆಗಾಲದ ಉದ್ರಿ

ಸಂಘ, ಒಕ್ಕೂಟ ಎಲ್ಲ ದೊಡ್ಡ ಮಾತು. ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಯಾರೂ ಸಮಾಜಸೇವೆಯ ಪಟ್ಟಿಗೆ ಸೇರಿಸುವುದಿಲ್ಲ. ಸೇರಿಸಬೇಕು.

ಈ ಸೀಮೆಯಲ್ಲಿ ಮಳೆ ಎಂದರೆ ಕೆಲಸ ನಿಂತಿತು ಎಂದರ್ಥ. ಆಗುಂಬೆ ಇದೇ ತಾಲ್ಲೂಕಿನದು, ರಾಜ್ಯದ ಅತಿ ಹೆಚ್ಚು ಮಳೆಯ ಊರುಗಳಲ್ಲಿ ಒಂದು. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳು ಹಿಡಿದು ಕೂತರೆ ಕೂಲಿಯಿಲ್ಲ. ನಾಟಿಯ ಕೆಲಸ ಒಂದಷ್ಟು ದಿನ. ಆ ತಿಂಗಳುಗಳಲ್ಲಿ ಅಕ್ಕಿ, ಬೇಳೆ, ಸೀಮೆಣ್ಣೆ, ಸೋಪು, ಮಕ್ಕಳ ನೋಟ್‌ಬುಕ್ಕು ಬರುವುದು ಉದ್ರಿ ಪುಸ್ತಕದ ಮೇಲೆ. ಕೊನೆಕೊಯ್ಲು ಶುರುವಾದ ಮೇಲೆ ತೀರುತ್ತದೆ, ಕೆಲವು ಸಲ ಮುಂದಿನ ಸುಗ್ಗಿಗೆ ಹೋಗುತ್ತದೆ. ಅಂಗಡಿಯವನು ಅಷ್ಟು ಕಾಲ ತನ್ನ ಬಂಡವಾಳವನ್ನು ಊರಿನ ಅಡಿಗೆಮನೆಗಳಲ್ಲಿ ಹರಡಿ ಕೂತಿರುತ್ತಾನೆ.

ಪೇಟೆಯ ಮಾಲ್‌ನಲ್ಲಿ, ಮೊಬೈಲಿನ ಅಂಗಡಿಯಲ್ಲಿ ಬೆಲೆ ನಾಲ್ಕು ರೂಪಾಯಿ ಕಡಿಮೆ ಇರಬಹುದು. ಆಶ್ಲೇಷ ಮಳೆಯ ಸಂಜೆ ಮನೆಯಲ್ಲಿ ಜ್ವರದ ಮಗು ಇರುವಾಗ ಅವು ಸಾಲ ಕೊಡುವುದಿಲ್ಲ. ಉದ್ರಿಗೂ ಕೆಟ್ಟ ಮುಖವಿದೆ. ಸಾಲದ ಗ್ರಾಹಕ ಬೇರೆ ಅಂಗಡಿಗೆ ಹೋಗಲಾರ, ಬೆಲೆ ಪ್ರಶ್ನಿಸಲಾರ. ಬರೆಯುವ ಕೈ ಎರಡನ್ನು ಮೂರು ಮಾಡಿದರೆ ಕಾಣುವುದೂ ಇಲ್ಲ. ಇಲ್ಲಿಯೂ ಕೊನೆಗೆ ಪ್ರಶ್ನೆ ಅದೇ, ಬರೆದದ್ದು ಸರಿ ಇದೆಯೇ?

ಕಾಯಿಲೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. 2003ರಲ್ಲಿ ರಾಜ್ಯದಲ್ಲಿ ಶುರುವಾದ ಯಶಸ್ವಿನಿ ಯೋಜನೆ ಹಳ್ಳಿಯವರಿಗೆ ದೊಡ್ಡಾಸ್ಪತ್ರೆಯ ಬಾಗಿಲು ತೆರೆದದ್ದು ಸಹಕಾರ ಸಂಘಗಳ ಮೂಲಕ. ಮೊದಲ ವರ್ಷಗಳಲ್ಲಿ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ಕಂತು. ಸಂಘದ ಸದಸ್ಯನಾಗಿದ್ದರೆ ಸಾಕು, ಶಸ್ತ್ರಚಿಕಿತ್ಸೆಯ ಖರ್ಚಿನ ಭಯ ಇಳಿಯುತ್ತಿತ್ತು. ಊರಿನ ಹಾಲಿನ ಡೇರಿ, ಸೊಸೈಟಿಗಳ ಕಾರ್ಯದರ್ಶಿಗಳು ಮನೆ ಮನೆಯಿಂದ ಅರ್ಜಿ ತುಂಬಿಸಿದರು. 2018ರಲ್ಲಿ ನಿಂತ ಯೋಜನೆಯನ್ನು 2022ರ ಕೊನೆಯಲ್ಲಿ ಮತ್ತೆ ತಂದರು. ನಿಂತಿದ್ದ ಆ ವರ್ಷಗಳಲ್ಲಿ ಅದರ ಬೆಲೆ ಏನೆಂದು ಹಳ್ಳಿಗಳಿಗೆ ಚೆನ್ನಾಗಿ ಗೊತ್ತಾಯಿತು.

ಹೆಗ್ಗೋಡಿನ ಎರಡು ಪಾಠ

ಮಂಡಗದ್ದೆಯಿಂದ ಹೊಸನಗರದ ಸೀಮೆ ದಾಟಿ ಸಾಗರದ ಕಡೆ ಹೋದರೆ ಹೆಗ್ಗೋಡು. ಅಡಿಕೆಯ ದುಡ್ಡು ಊರಿಗೆ ಏನು ಕೊಡಬಹುದು ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಉತ್ತರ ಇಲ್ಲ.

1949ರಲ್ಲಿ ಊರಿನ ಅಡಿಕೆ ಬೆಳೆಗಾರರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಸ್ವತಃ ಅಡಿಕೆ ಕೃಷಿಕರು. ಹಗಲು ತೋಟ, ರಾತ್ರಿ ತಾಲೀಮು. ಪಾತ್ರ ಮಾಡಿದವರು ಊರಿನ ಕೂಲಿಯವರು, ಅಂಗಡಿಯವರು, ಮೇಷ್ಟರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಎಂಬ ಸಂಚಾರಿ ನಾಟಕ ತಂಡ. ಜಗತ್ತಿನ ಸಿನಿಮಾಗಳು, ಜಗತ್ತಿನ ನಾಟಕಗಳು ಒಂದು ಹಳ್ಳಿಯಲ್ಲಿ ಕನ್ನಡದಲ್ಲಿ ಚರ್ಚೆಯಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ನಿಲ್ಲಲಿಲ್ಲ. ಅವರು ಅದೇ ಊರಿನಿಂದ ನಡೆಸಿದ ಅಕ್ಷರ ಪ್ರಕಾಶನ ಹಳ್ಳಿಯಲ್ಲೇ ಕೂತು ಇಡೀ ಕನ್ನಡಕ್ಕೆ ಪುಸ್ತಕ ಕೊಟ್ಟ ಉದ್ಯಮ.

ಇದನ್ನು ಬರೀ ಕಲೆಯ ಕತೆ ಎಂದು ಓದಬಾರದು. ಬೆಳೆಯಿಂದ ಉಳಿದ ಹಣ ಮತ್ತು ಬಿಡುವನ್ನು ಊರು ತನಗಾಗಿಯೇ ಖರ್ಚು ಮಾಡಿಕೊಂಡ ಕತೆ ಅದು. ಪೇಟೆಗೆ ಹೋಗಿ ಮನೆ ಕಟ್ಟಬಹುದಾಗಿದ್ದ ದುಡ್ಡು ಊರಿನ ಸಭಾಂಗಣವಾಯಿತು.

ಎರಡನೆಯ ಪಾಠ ಹೆಗ್ಗೋಡಿನ ಪಕ್ಕದ ಭೀಮನಕೋಣೆಯದ್ದು. ರಂಗಕರ್ಮಿ ಪ್ರಸನ್ನ ಹಳ್ಳಿಗೆ ಬಂದು ನೆಲೆಸಿ, 1996ರಲ್ಲಿ ಊರಿನ ಹೆಂಗಸರೊಂದಿಗೆ ಚರಕ ಎಂಬ ಸಹಕಾರ ಸಂಘ ಕಟ್ಟಿದರು. ಕೈಮಗ್ಗ, ನೈಸರ್ಗಿಕ ಬಣ್ಣ, ಅಚ್ಚು, ಹೊಲಿಗೆ. ನೇಯುವವರೇ ಒಡತಿಯರು. ಮಾರಾಟಕ್ಕೆ ನಗರಗಳಲ್ಲಿ ದೇಸಿ ಅಂಗಡಿಗಳು.

ಇಲ್ಲಿಯ ಬಣ್ಣದ ಮೂಲ ನೋಡಿ. ಅಡಿಕೆ ಬೇಯಿಸಿ ಉಳಿದ ಚೊಗರು ಬಟ್ಟೆಗೆ ಕಂದುಗೆಂಪು ಕೊಡುತ್ತದೆ. ನೀಲಿಗೆ ನೀಲಿ ಗಿಡ, ಹಳದಿಗೆ ದಾಳಿಂಬೆ ಸಿಪ್ಪೆ. ಒಂದು ಉದ್ಯಮದ ಉಳಿಕೆ ಇನ್ನೊಂದರ ಕಚ್ಚಾಮಾಲು. ತೋಟದ ಮನೆಯಲ್ಲಿ ಸುಲಿಯಲು ಹೋಗುತ್ತಿದ್ದವರಿಗೆ ಸುಗ್ಗಿ ಮುಗಿದ ಮೇಲೂ ವರ್ಷವಿಡೀ ಕೆಲಸ, ನಡೆದು ಹೋಗುವಷ್ಟು ದೂರದಲ್ಲಿ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗೆ ಹೋಗಬೇಕಾಗಿದ್ದ ಹುಡುಗಿ ಊರಲ್ಲೇ ಉಳಿದು, ತನ್ನ ಕೈಯ ದುಡ್ಡನ್ನು ಊರಿನ ಅಂಗಡಿಯಲ್ಲೇ ಖರ್ಚು ಮಾಡಿದಳು.

ಚರಕದ ದಾರಿ ಸುಗಮವಾಗಿರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದು ಕೈಯಿಂದ ಮಾಡಿದ ವಸ್ತುವಿಗೂ ತೆರಿಗೆ ಬಿದ್ದಾಗ, ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಇರಲಿ ಎಂದು ಪ್ರಸನ್ನ ಸತ್ಯಾಗ್ರಹ ಹೂಡಿದರು. 2020ರ ಕೊರೊನಾ ಕಾಲದಲ್ಲಿ ಮಾರಾಟ ನಿಂತು ಚರಕ ತೀವ್ರ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿತು. ಆಗ ಎದ್ದ ಪ್ರಶ್ನೆ ನಮಗೂ ಸಂಬಂಧಿಸಿದ್ದು. ಊರಿಗೆ ಇಷ್ಟು ಕೊಟ್ಟ ಉದ್ಯಮಕ್ಕೆ ಕಷ್ಟ ಬಂದಾಗ ಊರು, ರಾಜ್ಯ, ಬಟ್ಟೆ ಕೊಳ್ಳುವ ನಾವು ಏನು ಕೊಟ್ಟೆವು? ಕೈಮಗ್ಗದ ಅಂಗಿಯನ್ನು ಹೊಗಳಿ ಗಿರಣಿಯ ಅಂಗಿ ಕೊಳ್ಳುವವರಿಂದ ಯಾವ ನೇಕಾರರೂ ಬದುಕಲಾರರು.

> ಶೇಕಡಾ ಲೆಕ್ಕ
> • ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಸಂಘ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು. ಅದೇ ವರ್ಷ ಮೈಸೂರು ಸಂಸ್ಥಾನವೂ ಸ್ವಂತ ಸಹಕಾರ ಕಾಯ್ದೆ ಮಾಡಿತು.
> • ಬ್ರಿಟಿಷ್ ಇಂಡಿಯಾದ 1912ರ ಕಾಯ್ದೆ: ಲಾಭದ ಕಾಲುಭಾಗ ಮೀಸಲು ನಿಧಿಗೆ. ಉಳಿದದ್ದರಲ್ಲಿ ಶೇ 10 ಮೀರದಂತೆ ಬಡವರ ನೆರವು, ವಿದ್ಯೆ, ವೈದ್ಯ, ಸಾರ್ವಜನಿಕ ಹಿತಕ್ಕೆ ಕೊಡಬಹುದು. ಬರೀ ಪೂಜೆ, ಧರ್ಮಬೋಧನೆಯ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ.
> • 2013ರ ಕಂಪನಿ ಕಾಯ್ದೆ: ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು.

ಈ ಮೂರನ್ನು ಒಟ್ಟಿಗೆ ಓದಿದರೆ ಒಂದು ವಿಷಯ ಕಾಣುತ್ತದೆ. ಕಂಪನಿಗಳ ಶೇ 2ರ ಕಾನೂನು ಬರುವುದಕ್ಕೆ ಒಂದು ಶತಮಾನ ಮೊದಲೇ ಹಳ್ಳಿಯ ಸಂಘಗಳಿಗೆ ಊರಿನ ಪಾಲಿನ ದಾರಿ ತೆರೆದಿತ್ತು. ಕಂಪನಿಯ ಹಣ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವುದು ದೂರದ ಮಂಡಳಿ. ಸಂಘದ ಹಣ ಎಲ್ಲಿಗೆ ಎಂದು ತೀರ್ಮಾನಿಸಬೇಕಾದವರು ಸರ್ವಸದಸ್ಯರ ಸಭೆಯಲ್ಲಿ ಕೂತ ಊರವರು. ಒಬ್ಬನಿಗೆ ಒಂದೇ ಮತ. ಹತ್ತು ಎಕರೆ ತೋಟದವನಿಗೂ ಅರ್ಧ ಎಕರೆಯವನಿಗೂ ಅಷ್ಟೇ.

ಕಾಡಿಗೆ ಇರುವ ಬಾಕಿ

ಊರು ಎಂದರೆ ಬರೀ ಜನವಲ್ಲ. ಮಲೆನಾಡಿನ ತೋಟ ನಿಂತಿರುವುದು ಸೊಪ್ಪಿನಬೆಟ್ಟದ ಮೇಲೆ. ಶತಮಾನಗಳಿಂದ ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ ಹೋಗಿದೆ. ಬೆಟ್ಟದ ಬುಡದಿಂದ ಇಳಿದ ನೀರೇ ಅಡಿಕೆಯ ಬೇರಿಗೆ ತಂಪು. ಈ ಲೆಕ್ಕದಲ್ಲಿ ಅಡಿಕೆ ಉದ್ಯಮ ಕಾಡಿಗೆ ಸಾಲಗಾರ. ಸೊಪ್ಪು ಕಡಿದವರು ಗಿಡ ನೆಟ್ಟಿದ್ದಾರೆಯೇ ಎಂದು ಕೇಳಿದರೆ, ಕೆಲವು ಬೆಟ್ಟಗಳು ಹಸಿರಾಗಿ ಉತ್ತರ ಕೊಡುತ್ತವೆ, ಹಲವು ಬೋಳಾಗಿ.

ಬರೀ ತೆಗೆದುಕೊಂಡ ಉದ್ಯಮದ ಉದಾಹರಣೆಯೂ ಕಣ್ಣೆದುರಿಗಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗಾಗಿ 1980ರಲ್ಲಿ ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ನೀಲಗಿರಿ, ಅಕೇಶಿಯಾ ಎದ್ದವು. ಅದು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಕಾರ್ಖಾನೆ ಎನ್ನುವುದು ನಿಜ. ನೆಡುತೋಪಿನ ಸುತ್ತಲಿನ ಹಳ್ಳಿಗಳಿಗೆ ಸಿಕ್ಕಿದ್ದು ಮೇವಿಲ್ಲದ, ಹಣ್ಣಿಲ್ಲದ, ಹಕ್ಕಿಯಿಲ್ಲದ ಕಾಡು ಎನ್ನುವುದೂ ಅಷ್ಟೇ ನಿಜ. ಉತ್ಪಾದನೆ 2015ರಲ್ಲಿ ನಿಂತಿತು. ಗುತ್ತಿಗೆ 2020ರಲ್ಲಿ ಮುಗಿದಾಗ, ನಮ್ಮೂರಿಗೆ ಅಕೇಶಿಯಾ ಮರ ಬೇಡ ಎಂಬ ಕೂಗು ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಿಂದಲೇ ಎದ್ದಿತು.

ಮಂಡಗದ್ದೆಯ ಕುರುವವನ್ನು ಈ ಬೆಳಕಿನಲ್ಲಿ ನೋಡಬೇಕು. ಹಕ್ಕಿ ನೋಡಲು ಬರುವವರಿಂದ ಚಹಾದಂಗಡಿಗೆ, ಹೋಂಸ್ಟೇಗೆ ಆದಾಯವಿದೆ. ಗೂಡಿನ ಕಾಲದಲ್ಲಿ ದಡದಲ್ಲಿ ಧ್ವನಿವರ್ಧಕ ಬೇಡ, ಪ್ಲಾಸ್ಟಿಕ್ ನದಿಗೆ ಬೀಳಬಾರದು, ಅಡಿಗೆಮನೆಯ ಕೊಳಚೆ ತುಂಗೆಗೆ ಹರಿಯಬಾರದು. ಇಷ್ಟನ್ನು ಪಾಲಿಸುವ ಹೋಟೆಲಿನವನು ದೇಣಿಗೆ ಕೊಡದಿದ್ದರೂ ಊರಿಗೆ ಕೊಟ್ಟವನೇ.

ಬೆಳೆಗಾರರಿಗೂ ಪಕ್ಕದವನ ಹಂಗಿದೆ. ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳನ್ನು ಹಿಂಡಿದೆ. ಶಿಲೀಂಧ್ರಕ್ಕೆ ಬೇಲಿ ಗೊತ್ತಿಲ್ಲ. ಔಷಧಿ ಹೊಡೆಯಲು ಶಕ್ತಿಯಿಲ್ಲದ ಸಣ್ಣ ಹಿಡುವಳಿದಾರನ ತೋಟವನ್ನು ಹಾಗೇ ಬಿಟ್ಟು ದೊಡ್ಡವನು ತನ್ನದಷ್ಟನ್ನೇ ಉಳಿಸಿಕೊಳ್ಳಲಾರ. ಸಂಘಗಳ ಸಾರ್ವಜನಿಕ ನಿಧಿಗೆ ಇವತ್ತು ಇದಕ್ಕಿಂತ ತುರ್ತಿನ ಕೆಲಸ ಕಡಿಮೆ.

ಹೇಳಲು ಕಷ್ಟವಾದ ಬಾಕಿಯೊಂದೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ, ಮರುಅಧ್ಯಯನ ಬೇಕೆಂದು ಕೇಳುತ್ತಿವೆ. ಆ ವಾದ ನಡೆಯಲಿ. ಆದರೆ ಗುಟ್ಕಾದ ಚೀಟಿ ಹರಿದು ಬಾಯಿಗೆ ಹಾಕುವ ಹುಡುಗರು ನಮ್ಮದೇ ಊರಿನವರು. ಅಡಿಕೆಯಿಂದ ಕಟ್ಟಿದ ಸಂಘಗಳು ಬಾಯಿಯ ಕ್ಯಾನ್ಸರ್ ತಪಾಸಣೆ ಶಿಬಿರಗಳನ್ನು ತಮ್ಮ ಖರ್ಚಿನಲ್ಲಿ ಹಳ್ಳಿ ಹಳ್ಳಿಯಲ್ಲಿ ನಡೆಸಬೇಕು. ಅಡಿಕೆಯ ಬೇರೆ ಉಪಯೋಗಗಳ ಶೋಧಕ್ಕೆ ಇನ್ನೂ ಹೆಚ್ಚು ಹಣ ಇಡಬೇಕು. ಒಂದೇ ಬೆಳೆಗೆ ಜೋತುಬಿದ್ದ ಸೀಮೆಗೆ ಅದು ಸ್ವಂತ ಹಿತವೂ ಹೌದು.

ವರದಿಯ ಪುಟ ತೆಗೆಯಿರಿ

ಸುಲಿಯುವ ಹೆಂಗಸರು ಬಹುಪಾಲು ಅಡಿಕೆ ಸಂಘಗಳ ಸದಸ್ಯರಲ್ಲ. ಅವರ ಬಳಿ ತೋಟವಿಲ್ಲ. ಕೊನೆಗಾರ ಅರವತ್ತು ಅಡಿ ಮರದ ತುದಿಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾನೆ, ಬಿದ್ದರೆ ಅವನ ಮನೆ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ಊರಲ್ಲಿ ಖಚಿತವಾದ ಉತ್ತರವಿಲ್ಲ. ಅಡಿಕೆಯ ಲಾಭದಲ್ಲಿ ಊರಿನ ಪಾಲು ಎಂದಾಗ ಮೊದಲ ಹಕ್ಕು ಇವರದ್ದು. ಕೊನೆಗಾರರಿಗೆ ಅಪಘಾತ ವಿಮೆ, ಸುಲಿಯುವವರ ಮಕ್ಕಳಿಗೆ ವಿದ್ಯಾರ್ಥಿವೇತನ, ಎಲ್ಲ ಅಂಗಳಗಳಲ್ಲೂ ಸೀಲು ಹಾಕಿದ ತಕ್ಕಡಿ. ಇವುಗಳಿಗೆ ಹೊಸ ಕಾನೂನು ಬೇಕಿಲ್ಲ, ಸರ್ವಸದಸ್ಯರ ಸಭೆಯಲ್ಲಿ ಒಂದು ಠರಾವು ಸಾಕು.

ಆದರೆ ಆ ಸಭೆಗಳಿಗೆ ಹೋಗುವವರು ಯಾರು? ಅನೇಕ ಕಡೆ ಕೋರಂ ತುಂಬುವುದೇ ಕಷ್ಟ. ಸಹಿ ಹಾಕಿ, ಊಟ ಮಾಡಿ, ವಾರ್ಷಿಕ ವರದಿಯನ್ನು ಬಿಚ್ಚದೆ ಮನೆಗೆ ಒಯ್ಯುತ್ತೇವೆ.

ನೀವು ಒಂದು ಸಂಘದ ಸದಸ್ಯರಾಗಿದ್ದರೆ, ಅದು ಅಡಿಕೆಯದಿರಲಿ, ಹಾಲಿನದಿರಲಿ, ಪತ್ತಿನದಿರಲಿ, ಬರುವ ವರ್ಷದ ವಾರ್ಷಿಕ ಸಭೆಗೆ ಹೋಗಿ. ವರದಿಯಲ್ಲಿ ಲಾಭ ವಿಲೇವಾರಿಯ ಪುಟ ತೆಗೆಯಿರಿ. ಸಾರ್ವಜನಿಕ ಉಪಯೋಗದ ನಿಧಿಗೆ ಎಷ್ಟು ಇಟ್ಟಿದ್ದಾರೆ, ಕಳೆದ ವರ್ಷ ಇಟ್ಟದ್ದು ಯಾರಿಗೆ ಹೋಯಿತು ಎಂದು ಎದ್ದು ನಿಂತು ಕೇಳಿ. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಕೂರಬೇಡಿ.